‘ಪಾಠ ಇನ್ನೂ ಶುರುವಾಗಿಲ್ಲವಲ್ಲ, ಬಂದು ಹೋಗು’

ಬೇಲಾಪುರ ಸ್ಟೇಷನ್ನಿನಿಂದ ಆಫೀಸಿಗೆ ನಡೆಯುವ ದಾರಿಯಲ್ಲಿ ಕುಂದಾಪುರದ ಕಡೆಯವರೊಬ್ಬರ ಸಣ್ಣ ಹೋಟೆಲಿದೆ. ಕೊಂಕಣ ಭವನ, ಸಿಡ್ಕೊ ಭವನದ ನೌಕರರು, ಅಲ್ಲಿಗೆ ಅರ್ಜಿ ಹಿಡಿದು ಬರುವವರು ಅವರ ಗಿರಾಕಿಗಳು. ಹಲವು ವರ್ಷಗಳಿಂದ ನನ್ನ ಬೆಳಗಿನ ಇಡ್ಲಿಯೂ ಅಲ್ಲೇ. ಹೋದ ವರ್ಷ ಅವರ ಮಗನಿಗೆ ಮಹಾರಾಷ್ಟ್ರ ಸಿಇಟಿಯ ಕ್ಯಾಪ್ ಸುತ್ತಿನಲ್ಲಿ ಪುಣೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತುವ ಮೊದಲಿಗ. ಆ ದಿನ ಹೋಟೆಲಿಗೆ ಬಂದವರಿಗೆಲ್ಲ ಶೀರಾ ಪುಕ್ಕಟೆ.

ಅವನನ್ನು ಹಾಸ್ಟೆಲಿಗೆ ಬಿಟ್ಟು ಬಂದು ಇನ್ನೂ ವಾರವಾಗಿರಲಿಲ್ಲ, ಒಂದು ಬೆಳಗ್ಗೆ ನೋಡಿದರೆ ಹುಡುಗ ಗಲ್ಲಾದಲ್ಲಿ ಕೂತಿದ್ದಾನೆ. ‘ಕಾಲೇಜು ಇಲ್ಲವೇನೋ?’ ಎಂದೆ. ಒಳಗಿನಿಂದ ಅಪ್ಪನೇ ಉತ್ತರ ಕೊಟ್ಟರು: ‘ಪಾಠ ಇನ್ನೂ ಶುರು ಆಯ್ಲಿಲ್ಲ ಮಾರಾಯ್ರೆ. ಎಂಥದೋ ಓರಿಯೆಂಟೇಶನ್ ಅಂಬ್ರು. ಹ್ಯಾಂಗೂ ಚೌತಿ ಬಂತಲ್ದಾ, ಊರಿಗೆ ಹೋಯ್ ಬಪ್ಪ ಅಂದೆ.’ ಪನ್ವೇಲಿನಿಂದ ಮತ್ಸ್ಯಗಂಧಕ್ಕೆ ಐದು ಟಿಕೆಟ್ ಆಗಿತ್ತು. ಹೋಗಿ ಬರುವುದು ಸೇರಿ ಹತ್ತು ದಿನ.

ನನಗೆ ಗೊತ್ತಿತ್ತು, ಆದರೂ ಏನೂ ಹೇಳಲಿಲ್ಲ. ಹಬ್ಬದ ಸಂಭ್ರಮದಲ್ಲಿರುವವರಿಗೆ ಬುದ್ಧಿ ಹೇಳುವುದು ಹೇಗೆ ಎಂಬ ಸಂಕೋಚ. ಆ ಸಂಕೋಚ ತಪ್ಪಾಗಿತ್ತು ಎಂದು ಡಿಸೆಂಬರಿನಲ್ಲಿ ಗೊತ್ತಾಯಿತು.

ನಮ್ಮ ಮನೆಗಳಲ್ಲಿ ಓರಿಯೆಂಟೇಶನ್ ಎಂದರೆ ಉದ್ಘಾಟನಾ ಸಮಾರಂಭ ಎಂದೇ ಲೆಕ್ಕ. ದೀಪ ಹಚ್ಚುತ್ತಾರೆ, ಪ್ರಾಂಶುಪಾಲರು ಮಾತಾಡುತ್ತಾರೆ, ಕ್ಯಾಂಟೀನಿನಲ್ಲಿ ಊಟ, ಗೇಟಿನ ಮುಂದೆ ಫೋಟೊ, ಮುಗಿಯಿತು. ಅದು ಹಾಗಿದ್ದ ಕಾಲವೂ ಒಂದಿತ್ತು. ಗಾಂಧಿನಗರದ ಐಐಟಿ 2011ರಲ್ಲಿ ಹೊಸ ಮಕ್ಕಳಿಗೆ ಪಾಠಕ್ಕೆ ಮೊದಲು ಐದು ವಾರಗಳ ಫೌಂಡೇಶನ್ ಕಾರ್ಯಕ್ರಮ ಶುರುಮಾಡಿತು. ಅಂಥ ಕೆಲವು ಪ್ರಯೋಗಗಳನ್ನು ನೋಡಿ ಎಐಸಿಟಿಇ 2017ರಲ್ಲಿ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಿಗೂ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮ ರೂಪಿಸಿತು. ಯುಜಿಸಿ 2019ರಲ್ಲಿ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಅದನ್ನೇ ಉಳಿದ ಪದವಿ ಕಾಲೇಜುಗಳಿಗೂ ತಂದಿತು. ಎಲ್ಲ ಕಾಲೇಜುಗಳೂ ಪೂರ್ತಿ ಮೂರು ವಾರ ನಡೆಸುವುದಿಲ್ಲ, ಒಂದು ವಾರದಲ್ಲಿ ಸುತ್ತಿ ಮುಗಿಸುವವರೂ ಇದ್ದಾರೆ. ಬೆಳಗ್ಗೆ ಆಟ, ಮಧ್ಯಾಹ್ನ ಯಾರದೋ ಉಪನ್ಯಾಸ, ಸಂಜೆ ಹಾಡು ಚಿತ್ರ ಎಂದು ಕೇಳಿದರೆ ನಮಗೆ ಶಾಲೆಯ ಬೇಸಿಗೆ ಶಿಬಿರದ ಹಾಗೆ ಅನಿಸುವುದು ಸಹಜ. ಆದರೆ ಆ ಯೋಜನೆಯ ತಿರುಳು ಬೇರೆಯೇ ಇದೆ. ಸುಮಾರು ಇಪ್ಪತ್ತು ಮಕ್ಕಳಿಗೆ ಒಬ್ಬ ಅಧ್ಯಾಪಕರು ಮೆಂಟರ್. ಆ ಇಪ್ಪತ್ತು ಮಂದಿ ಪರಸ್ಪರ ಹೆಸರು, ಊರು, ಕಷ್ಟ ತಿಳಿದುಕೊಳ್ಳುವುದು ಈ ದಿನಗಳಲ್ಲೇ. ಮುಂದೆ ಮಗು ಜ್ವರ ಬಂದು ಮಲಗಿದರೆ ಬಾಗಿಲು ತಟ್ಟುವವರು, ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸ್ ಕೊಡುವವರು, ನಾಲ್ಕು ದಿನ ತರಗತಿಗೆ ಬಾರದಿದ್ದರೆ ಯಾಕೆ ಎಂದು ಕೇಳುವವರು ಸಿಗುವುದು ಅಲ್ಲಿ. ಪಠ್ಯದ ಪಾಠ ತಪ್ಪಿದರೆ ಯೂಟ್ಯೂಬ್ ಇದೆ. ಇದಕ್ಕೆ ಯೂಟ್ಯೂಬ್ ಇಲ್ಲ.

ನಮ್ಮ ಹುಡುಗ ಚೌತಿ ಮುಗಿಸಿ ಪುಣೆಗೆ ಮರಳುವಷ್ಟರಲ್ಲಿ ಗುಂಪುಗಳಾಗಿದ್ದವು, ಲ್ಯಾಬಿನ ಜೋಡಿಗಳಾಗಿದ್ದವು, ವಾಟ್ಸ್ಆ್ಯಪ್ ಗುಂಪಿನಲ್ಲಿ ಒಳಗಿನ ತಮಾಷೆಗಳೂ ಹುಟ್ಟಿದ್ದವು. ಅವನು ಯಾರಿಗೂ ಬೇಡವಾದವನಲ್ಲ, ಯಾರಿಗೂ ಗೊತ್ತಿಲ್ಲದವನು. ಅವನಿಲ್ಲದ ದಿನಗಳಲ್ಲೇ ಒಂದು ಮಧ್ಯಾಹ್ನ ವಿದ್ಯಾರ್ಥಿವೇತನ ವಿಭಾಗದವರು ಬಂದು ಮಹಾಡಿಬಿಟಿ ಪೋರ್ಟಲಿನ ಬಗ್ಗೆ ಹೇಳಿ ಹೋಗಿದ್ದರು. ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರುವ ಸಾಮಾನ್ಯ ವರ್ಗದ ಮಕ್ಕಳಿಗೂ, ಕ್ಯಾಪ್ ಮೂಲಕ ಸೀಟು ಪಡೆದು ಮಹಾರಾಷ್ಟ್ರದ ಡೊಮಿಸೈಲ್ ಇದ್ದರೆ, ರಾಜರ್ಷಿ ಶಾಹು ಮಹಾರಾಜರ ಹೆಸರಿನ ಯೋಜನೆಯಲ್ಲಿ ಬೋಧನಾ ಶುಲ್ಕದ ಅರ್ಧ ಸಿಗುತ್ತದೆ. ಹುಡುಗ ಹುಟ್ಟಿದ್ದು ಬೆಳೆದದ್ದು ಇಲ್ಲೇ, ಡೊಮಿಸೈಲ್ ಇತ್ತು. ಯೋಜನೆ ಇದೆ ಎಂಬುದೇ ಗೊತ್ತಿರಲಿಲ್ಲ. ಗೊತ್ತಾದಾಗ ಡಿಸೆಂಬರ್.

ಆಮೇಲಿನದು ನನ್ನ ಕಣ್ಣ ಮುಂದೆಯೇ ನಡೆಯಿತು, ಏಕೆಂದರೆ ಅರ್ಜಿ ತುಂಬಲು ಅಪ್ಪ ಕರೆದದ್ದು ನನ್ನನ್ನು. ಹುಡುಗನ ಆಧಾರ್‌ಗೆ ಜೋಡಿಸಿದ್ದು ಅಪ್ಪನ ಮೊಬೈಲ್ ನಂಬರ್. ಅವನು ಐದನೇ ತರಗತಿಯಲ್ಲಿದ್ದಾಗ ಕೊಟ್ಟದ್ದು. ಇಮೇಲ್ ಐಡಿ ಸೈಬರ್ ಕೆಫೆಯವನು ಮಾಡಿಕೊಟ್ಟದ್ದು, ಪಾಸ್‌ವರ್ಡ್ ಅವನಿಗೇ ಗೊತ್ತು, ಆ ಕೆಫೆ ಈಗ ಮೊಬೈಲ್ ಕವರ್ ಅಂಗಡಿ. ಪುಣೆಯಲ್ಲಿ ಹುಡುಗ ಲಾಗಿನ್ ಮಾಡಿದರೆ ಓಟಿಪಿ ಬೇಲಾಪುರದ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ ಫೋನಿಗೆ ಬರುತ್ತದೆ. ಹನ್ನೆರಡೂವರೆಯಿಂದ ಮೂರರ ತನಕ ಶೆಟ್ರು ಫೋನು ಮುಟ್ಟುವವರಲ್ಲ. ಓಟಿಪಿಗೆ ಹತ್ತು ನಿಮಿಷ ಆಯುಷ್ಯ. ದಿನಕ್ಕೆ ಲಕ್ಷಾಂತರ ಓಟಿಪಿ ಕಳಿಸುವ ಸಾಫ್ಟ್‌ವೇರ್ ಬರೆಯುವ ನನಗೆ, ಒಂದು ಓಟಿಪಿ ಹೋಗಬೇಕಾದವನ ಕೈಗೆ ಹೋಗಲು ಮೂರು ದಿನ ಬೇಕಾಯಿತು. ತಹಶೀಲ್ದಾರರ ಆದಾಯ ಪ್ರಮಾಣಪತ್ರಕ್ಕೆ ಇನ್ನಷ್ಟು ಓಡಾಟ. ಬೇಲಾಪುರ ಠಾಣೆ ತಾಲ್ಲೂಕು. ಪಕ್ಕದ ಖಾರ್ಘರ್ ಪನ್ವೇಲ್ ತಾಲ್ಲೂಕು, ಜಿಲ್ಲೆಯೇ ಬೇರೆ. ಯಾರೋ ಹೇಳಿದರೆಂದು ಅವರು ಒಂದು ದಿನದ ವ್ಯಾಪಾರ ಬಿಟ್ಟು ಮೊದಲು ಹೋದದ್ದು ಪನ್ವೇಲಿಗೆ. ಆ ಸಲ ಕೊನೆಯ ದಿನಾಂಕ ಮುಂದಕ್ಕೆ ಹೋಯಿತು, ಬಚಾವಾದರು. ಹೋಗದಿದ್ದರೆ ವರ್ಷದ ಅರ್ಧ ಶುಲ್ಕ ಹೋದ ಹಾಗೆ. ಹೋಟೆಲಿನ ಲೆಕ್ಕದಲ್ಲಿ ಅದು ಎಷ್ಟು ಪ್ಲೇಟ್ ಇಡ್ಲಿ ಎಂದು ಅವರೇ ಲೆಕ್ಕ ಹಾಕಿ ಹೇಳಿದರು. ಇಲ್ಲಿ ಬರೆಯುವುದಿಲ್ಲ.

ಶೆಟ್ರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. 2008ರಲ್ಲಿ ನಾನು ಹುಬ್ಬಳ್ಳಿ ಕಡೆಯ ಒಂದು ಕಾಲೇಜಿಗೆ ಬಿಇ ಸೇರಿದಾಗ ನಮ್ಮವ್ವ ಜೊತೆಗೆ ಬಂದಿದ್ದಳು. ಅಪ್ಪನಿಗೆ ಹೊಲದ ಕೆಲಸ. ಸಭಾಂಗಣದಲ್ಲಿ ಎರಡು ತಾಸು ಇಂಗ್ಲಿಷಿನಲ್ಲಿ ಮಾತಾಡಿದರು. ಅವ್ವ ಕೊನೆಯ ತನಕ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಎಲ್ಲರೂ ಚಪ್ಪಾಳೆ ಹೊಡೆದಾಗ ತಾನೂ ಹೊಡೆಯುತ್ತ ಕೂತಿದ್ದಳು. ಬಸ್‌ ಸ್ಟ್ಯಾಂಡಿನಲ್ಲಿ ಕೇಳಿದಳು, ‘ಏನ್ ಹೇಳಿದ್ರೋ ತಮ್ಮಾ ಅವ್ರು ಅಷ್ಟೊತ್ತು?’ ನಾನು, ‘ಏನಿಲ್ಲವ್ವಾ, ಚಲೋ ಓದ್ರಿ ಅಂದ್ರು’ ಎಂದೆ. ಹೇಳಿದ್ದರಲ್ಲಿ ವಿಟಿಯು ನಿಯಮವೂ ಒಂದಿತ್ತು: ಪ್ರತಿ ವಿಷಯದಲ್ಲೂ ಶೇ. 85 ಹಾಜರಾತಿ ಇರಬೇಕು, ಇಲ್ಲದಿದ್ದರೆ ಆ ಪರೀಕ್ಷೆಗೆ ಕೂರಿಸುವುದಿಲ್ಲ. ಅದೇ ಸೆಮಿಸ್ಟರಿನಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಅವ್ವ ಫೋನ್ ಮಾಡಿ, ಮನೆಯ ಗಂಡುಮಗ ನೀನೇ ಇಲ್ಲದಿದ್ದರೆ ಹೇಗೆ, ಎರಡು ವಾರ ರಜೆ ಹಾಕಿ ಬಾ ಎಂದಳು. ದಸರೆಗೂ ದೀಪಾವಳಿಗೂ ಹೆಚ್ಚಿನ ದಿನ ಉಳಿದದ್ದು ಅದಕ್ಕೆ ಸೇರಿತು. ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಹಾಜರಾತಿ ಸಾಲದೆ ಪರೀಕ್ಷೆ ತಪ್ಪಿತು. ಅವ್ವನಿಗೆ ನಾನು ಆ ವಿಷಯದಲ್ಲಿ ಫೇಲ್ ಎಂದೇ ಹೇಳಿದೆ. ತಾನು ಕರೆದದ್ದರಿಂದ ಹೀಗಾಯಿತು ಎಂದು ತಿಳಿದರೆ ಅಕ್ಕನ ಮದುವೆಯ ಫೋಟೊ ನೋಡಿದಾಗಲೆಲ್ಲ ಅವಳಿಗೆ ಅದೇ ನೆನಪಾಗುತ್ತದೆ. ಇವತ್ತಿಗೂ ಅವಳ ಪ್ರಕಾರ ನನಗೆ ಚಿತ್ರ ಬಿಡಿಸಲು ಬರುವುದಿಲ್ಲ.

ಆ ದಿನ ಬಸ್‌ ಸ್ಟ್ಯಾಂಡಿನಲ್ಲಿ ಎರಡು ನಿಮಿಷ ನಿಂತು ಶೇ. 85 ಎಂದರೇನು ಎಂದು ಕನ್ನಡದಲ್ಲಿ ಹೇಳಿದ್ದರೆ ಅವ್ವ ಎರಡು ವಾರಕ್ಕೆ ಕರೆಯುತ್ತಿರಲಿಲ್ಲ. ಹೊಲದಲ್ಲಿ ಆಳು ಲೆಕ್ಕ ಇಡುವವಳು ಅವಳು, ಹಾಜರಾತಿ ಅವಳಿಗೆ ಅರ್ಥವಾಗದ ವಿಷಯವೇನಲ್ಲ.

ನಮ್ಮಂಥ ಮನೆಗಳ ತೊಡಕು ಇದು: ಮಗುವಿನ ಕೆಲಸವನ್ನೆಲ್ಲ ಮನೆಯೇ ಮಾಡುತ್ತದೆ, ಮನೆ ತಿಳಿಯಬೇಕಾದದ್ದು ಮಾತ್ರ ಮನೆಗೆ ತಿಳಿದಿರುವುದಿಲ್ಲ. ಅರ್ಜಿ ಅಪ್ಪ ತುಂಬಿಸುತ್ತಾರೆ, ನಂಬರ್ ಅಪ್ಪನದು, ಬ್ಯಾಂಕ್ ಖಾತೆ ಅಮ್ಮನದು, ಹಾಸ್ಟೆಲ್ ವಾರ್ಡನ್ ಜೊತೆ ಮಾತಾಡುವುದು ಊರಿನ ಪರಿಚಯದವರು. ಪರಸ್ಥಳದಲ್ಲಿ ಬಾಳು ಕಟ್ಟಿದವರಿಗೆ ಈ ಅಭ್ಯಾಸ ಬಂದದ್ದು ಸುಮ್ಮನೆ ಅಲ್ಲ. ಇಲ್ಲಿ ಖೋಲಿ ಸಿಕ್ಕಿದ್ದು ಪರಿಚಯದಿಂದ, ಗ್ಯಾಸ್ ಕನೆಕ್ಷನ್ ಪರಿಚಯದಿಂದ, ಮಗನಿಗೆ ಶಾಲೆಯೂ ಪರಿಚಯದಿಂದ. ಕಾಲೇಜು ಮಾತ್ರ ಹಾಗೆ ನಡೆಯುವುದಿಲ್ಲ. ಅಲ್ಲಿ ಮೇಲ್ ಬರುವುದು ಹುಡುಗನಿಗೆ, ಸಹಿ ಬೇಕಾದದ್ದು ಹುಡುಗನದು, ಕೇಳಬೇಕಾದವನೂ ಅವನೇ. ಹದಿನೆಂಟು ವರ್ಷ ಯಾವ ಕೌಂಟರಿನಲ್ಲೂ ಬಾಯಿ ಬಿಡದವನು ಹತ್ತೊಂಬತ್ತನೆಯ ವರ್ಷ ಒಮ್ಮೆಲೇ ಹೇಗೆ ಬಿಡುತ್ತಾನೆ?

ಶೆಟ್ರ ಮನೆಯ ಪ್ರಸಂಗವಾದ ಮೇಲೆ ಈ ವರ್ಷ ಒಂದು ಭಾನುವಾರ ನಮ್ಮ ಮನೆಯ ಹಾಲಿನಲ್ಲೇ ಏಳು ಕುಟುಂಬಗಳನ್ನು ಕೂರಿಸಿಕೊಂಡೆವು. ಇಬ್ಬರು ಹೋಟೆಲಿನವರು, ಒಬ್ಬರು ತುರ್ಭೆ ಮಾರ್ಕೆಟ್ಟಿನಲ್ಲಿ ಕೆಲಸ ಮಾಡುವ ವಿಜಯಪುರದವರು, ಒಬ್ಬರು ಟ್ಯಾಕ್ಸಿ, ಉಳಿದವರು ನೌಕರದಾರರು. ನಾನು ಸ್ಲೈಡ್ ಮಾಡಿಟ್ಟುಕೊಂಡಿದ್ದೆ, ಒಂದನ್ನೂ ತೋರಿಸಲಾಗಲಿಲ್ಲ. ಶುರುವಾದದ್ದೇ ರ‍್ಯಾಗಿಂಗ್‌ನಿಂದ. ಪ್ರವೇಶದ ವೇಳೆ ವಿದ್ಯಾರ್ಥಿಯೂ ಪೋಷಕರೂ ಒಂದೊಂದು ಅಫಿಡವಿಟ್ ಕೊಡಬೇಕು. ಹಿಮಾಚಲದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಾಚ್ರು 2009ರಲ್ಲಿ ಸತ್ತ ಮೇಲೆ ಅದೇ ವರ್ಷ ಯುಜಿಸಿ ತಂದ ನಿಯಮಗಳ ಭಾಗ ಅದು. ಕೂತಿದ್ದವರೆಲ್ಲ ಅದಕ್ಕೆ ಸಹಿ ಹಾಕಿದ್ದರು, ಓದಿದವರು ಯಾರೂ ಇಲ್ಲ. ‘ನಮ್ಮ ಮಗನಿಗೆ ತೊಂದರೆ ಆಗಬಾರದು ಅಂತ ಕೊಡೋದಲ್ಲ ಅದು?’ ಎಂದರು ವಿಜಯಪುರದವರು. ನಾವು ಅದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿದೆವು. ನನ್ನ ಮಗ ಬೇರೆಯವರಿಗೆ ತೊಂದರೆ ಕೊಡುವುದಿಲ್ಲ, ಕೊಟ್ಟರೆ ಶಿಕ್ಷೆಗೆ ಅರ್ಹ, ನಿಯಮ ಓದಿ ತಿಳಿದಿದ್ದೇನೆ ಎಂದು ಪೋಷಕರು ಬರೆದುಕೊಡುವ ಕಾಗದ ಅದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮಗನ ಕಡೆ ತಿರುಗಿ, ‘ಹಂಗಾರ ನೀನೂ ಓದು’ ಎಂದರು. ತೊಂದರೆಯಾದರೆ ಕರೆ ಮಾಡಲು 1800-180-5522 ಎಂಬ ಉಚಿತ ಸಹಾಯವಾಣಿ ಇದೆ. ಅದನ್ನು ಎಲ್ಲರೂ ಬರೆದುಕೊಂಡರು, ಅಮ್ಮಂದಿರು ಎರಡು ಸಲ.

ಲ್ಯಾಪ್‌ಟಾಪ್ ಬಗ್ಗೆ ನನ್ನದು ಖಡಾಖಂಡಿತ ಅಭಿಪ್ರಾಯ, ಜಗಳವೂ ಆಯಿತು. ಮೊದಲ ವರ್ಷ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗ್ರಾಫಿಕ್ಸ್, ಜೊತೆಗೆ ಸಿ ಅಥವಾ ಪೈಥಾನ್. ಅದಕ್ಕೆ ಲಕ್ಷ ರೂಪಾಯಿಯ ಗೇಮಿಂಗ್ ಲ್ಯಾಪ್‌ಟಾಪ್ ಬೇಡವೇ ಬೇಡ. ಓರಿಯೆಂಟೇಶನ್ ಮುಗಿಯಲಿ, ವಿಭಾಗದವರು ಏನು ಬೇಕೆಂದು ಹೇಳಲಿ, ಆಮೇಲೆ ಕೊಳ್ಳಿ. ಸಾಲ ಮಾಡಿ ಮೊದಲೇ ಕೊಂಡು, ಅದರ ಕಂತಿಗಾಗಿ ಮೆಸ್ ಬಿಲ್ಲಿನಲ್ಲಿ ಕೈ ಬಿಗಿ ಹಿಡಿಯುವ ಮನೆಗಳನ್ನು ನೋಡಿದ್ದೇನೆ. ಮಕ್ಕಳು ನನ್ನನ್ನು ಶತ್ರುವಿನಂತೆ ನೋಡಿದರು.

ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳುವ ಹಾಗಿಲ್ಲ, ನೋಡಿ ವಾಪಸ್ ಕೊಡಬೇಕು ಎಂದು ಯುಜಿಸಿ ಹೇಳಿದೆ ಎಂಬುದೂ ಅನೇಕರಿಗೆ ಹೊಸ ಸುದ್ದಿ. ಹೆಣ್ಣುಮಕ್ಕಳ ಅಪ್ಪಂದಿರಿಗೆ ಇನ್ನೊಂದು: 2024–25ರಿಂದ ಮಹಾರಾಷ್ಟ್ರದಲ್ಲಿ 8 ಲಕ್ಷದೊಳಗಿನ ಆದಾಯದ ಇಡಬ್ಲ್ಯುಎಸ್, ಎಸ್‌ಇಬಿಸಿ, ಒಬಿಸಿ ಕುಟುಂಬಗಳ ಹುಡುಗಿಯರಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕ ಪೂರ್ತಿ ಮಾಫಿ. ಟ್ಯಾಕ್ಸಿಯವರು ಮಗಳಿಗೆ ಮನೆಯ ಹತ್ತಿರ ಯಾವುದಾದರೂ ಡಿಗ್ರಿ ಸಾಕು ಎಂದುಕೊಂಡೇ ಬಂದಿದ್ದರು. ಇದನ್ನು ಕೇಳಿ ಮಗಳ ಮುಖ ನೋಡಿದರು. ಮಗಳು ನನ್ನ ಮುಖ ನೋಡಿದಳು. ಊರಿನಿಂದ ತಂದ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯದ ತೊಂದರೆ ಅನೇಕರದ್ದು, ಅದು ಇನ್ನೊಂದು ದೊಡ್ಡ ಕಥೆ.

ಅಲ್ಲಿ ಬಂದಿದ್ದ ಒಬ್ಬ ಹುಡುಗಿಗೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಸೀಟು. ಮೂಲ ಊರು ಉಡುಪಿ ಹತ್ತಿರ, ಅಜ್ಜಿಮನೆಯಿಂದ ಕಾಲೇಜಿಗೆ ಒಂದು ಗಂಟೆ ದಾರಿ. ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ. ಆದರೆ ಯಾರು ಯಾವ ರಾಜ್ಯದವರು ಎಂದು ತೀರ್ಮಾನಿಸುವುದು ಹನ್ನೆರಡನೇ ತರಗತಿ ಪಾಸಾದ ಸ್ಥಳ. ಹಾಗಾಗಿ ಅವಳು ಹೊರರಾಜ್ಯದ ಕೋಟಾದಲ್ಲಿ ಹೋಗುತ್ತಿದ್ದಾಳೆ, ಅವಳ ಸ್ವಂತ ರಾಜ್ಯದ ಎನ್‌ಐಟಿ ನಾಗಪುರದ್ದು. ‘ನಮ್ಮ ಊರೇ ಅಲ್ವಾ, ಅವಳಿಗೆ ಏನು ಓರಿಯೆಂಟೇಶನ್’ ಎಂದು ಅವಳ ಅಮ್ಮನಿಗೆ ಧೈರ್ಯ. ನನಗೆ ಅಷ್ಟು ಧೈರ್ಯವಿಲ್ಲ. ಅವಳು ಕನ್ನಡ ಮಾತಾಡುತ್ತಾಳೆ, ಬಸ್ಸಿನ ಬೋರ್ಡ್ ಓದಲು ಬರುವುದಿಲ್ಲ. ಊರಿಗೆ ಹೋದಾಗಲೆಲ್ಲ ಅವಳನ್ನು ‘ಬೊಂಬಾಯಿಯವಳು’ ಎಂದೇ ಕರೆದಿದ್ದಾರೆ. ಬೇಸಿಗೆ ರಜೆಯ ಹದಿನೈದು ದಿನಗಳ ಊರು ಬೇರೆ, ನಾಲ್ಕು ವರ್ಷ ಬದುಕುವ ಊರು ಬೇರೆ. ಉಳಿದ ವಾರಗಳಲ್ಲಿ ದಿನಕ್ಕೆ ಅರ್ಧ ಗಂಟೆ ಅಕ್ಷರ ಕಲಿಸಿ ಎಂದೆ. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ತಾವೇ ಕಲಿಸುವುದಾಗಿ ಒಪ್ಪಿಕೊಂಡರು.

ಆ ಮೂರು ತಾಸಿನಲ್ಲಿ ನನಗೆ ಹೊಳೆದದ್ದನ್ನೇ ಈ ಅಂಕಣದಲ್ಲಿ ಹೇಳಬೇಕಿತ್ತು. ಕಾಲೇಜುಗಳು ಮಕ್ಕಳಿಗೆ ಓರಿಯೆಂಟೇಶನ್ ಮಾಡುತ್ತವೆ, ಅದಕ್ಕೆ ಮೊದಲು ಮನೆಯವರಿಗೆ ಅವರ ಭಾಷೆಯಲ್ಲಿ ಒಂದು ಆಗಬೇಕು. ಅದನ್ನು ಮಾಡಬೇಕಾದವರು ನಮ್ಮ ಸಂಘಗಳು. ಕನ್ನಡ ಸಂಘಗಳಿಗೆ ಇಲ್ಲಿ ಬರವಿಲ್ಲ. ಮಾತುಂಗದ ಮೈಸೂರು ಅಸೋಸಿಯೇಷನ್ 1926ರದ್ದು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೇ ನಡೆಸುತ್ತದೆ. ಜಾತಿ ಸಂಘಗಳು, ಊರಿನ ಸಂಘಗಳು ಬೇರೆ. ಜೂನ್–ಜುಲೈ ಬಂತೆಂದರೆ ಪ್ರತಿಭಾ ಪುರಸ್ಕಾರ. ಶೇ. 90 ತೆಗೆದವರಿಗೆ ಶಾಲು, ಸ್ಮರಣಿಕೆ, ಲಕೋಟೆ, ಗಣ್ಯರ ಮಾತು, ಊಟ. ನಾನೂ ಒಂದೆರಡು ಕಡೆ ವೇದಿಕೆಯ ಮೇಲೆ ಕೂತಿದ್ದೇನೆ, ಎರಡು ಮಾತು ಆಡಿದ್ದೇನೆ. ಶೇ. 62 ತೆಗೆದ ಹುಡುಗ ಅಲ್ಲಿಗೆ ಬರುವುದೇ ಇಲ್ಲ. ಅವನಿಗೇ, ಅವನ ಅಪ್ಪನಿಗೇ ಹೆಚ್ಚು ಹೇಳಬೇಕಾದದ್ದಿರುತ್ತದೆ. ಅದೇ ಹಾಲ್, ಅದೇ ಕುರ್ಚಿ, ಅದೇ ಶಾಮಿಯಾನ. ಬೆಳಗ್ಗೆ ಎರಡು ತಾಸು ಬಿಟ್ಟುಕೊಟ್ಟರೆ ಸಾಕು. ಅಂಕ ಕೇಳಬೇಡಿ. ಭಾಷಣ ಬೇಡ, ಮೇಜು ಹಾಕಿ. ಒಂದು ಮೇಜಿನಲ್ಲಿ ಅಫಿಡವಿಟ್ ಕನ್ನಡದಲ್ಲಿ ಓದಿ ಹೇಳುವವರು, ಇನ್ನೊಂದರಲ್ಲಿ ವಿದ್ಯಾರ್ಥಿವೇತನ, ಮತ್ತೊಂದರಲ್ಲಿ ಹೋದ ವರ್ಷ ಸೇರಿದ ಮಕ್ಕಳೇ.

ಹಿಂದೆ ಇದನ್ನು ನಾವು ಮಾಡಿದ್ದೇವೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋದ ಹುಡುಗರಿಂದಲೇ ಮುಂಬಯಿಯ ಕನ್ನಡ ಲೋಕದ ಒಂದು ದೊಡ್ಡ ಭಾಗ ಕಟ್ಟಿದೆ. ಆ ಶಾಲೆಗಳ ಮೇಷ್ಟ್ರುಗಳು ಪಾಠದ ಜೊತೆಗೆ ಮನಿಯಾರ್ಡರ್ ಫಾರಂ ತುಂಬುವುದನ್ನೂ, ಸಾಹೇಬರಿಗೆ ಅರ್ಜಿ ಬರೆಯುವುದನ್ನೂ ಕಲಿಸಿದ ಕಥೆಗಳನ್ನು ಹಿರಿಯರ ಬಾಯಲ್ಲಿ ಕೇಳುತ್ತೇವೆ. ಅರ್ಜಿಯ ರೂಪ ಬದಲಾಗಿದೆ, ಅಷ್ಟೇ.

ನನ್ನ ಸ್ನೇಹಿತರೊಬ್ಬರು ಇದನ್ನು ಒಪ್ಪುವುದಿಲ್ಲ. ನಮ್ಮನ್ನು ಯಾರು ಕೂರಿಸಿ ಹೇಳಿದರು, ಬಿದ್ದು ಎದ್ದು ಕಲಿಯಲಿಲ್ಲವೇ ಎನ್ನುತ್ತಾರೆ. ಹೌದು, ನಾನೂ ಬಿದ್ದು ಕಲಿತವನೇ. ನನಗೆ ಹೋದದ್ದು ಒಂದು ವಿಷಯ, ಆರು ತಿಂಗಳು. ನನ್ನ ಜೊತೆ ಬಿದ್ದು ಏಳದೆ ಮೊದಲ ವರ್ಷವೇ ಊರಿಗೆ ಮರಳಿದ ಇಬ್ಬರಿದ್ದರು. ಅವರು ನನಗಿಂತ ದಡ್ಡರೇನಲ್ಲ. ಅವರ ಬಳಿ ಹೋಗಿ ಈ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಮನೆಯವರು ಮಾಡಬೇಕಾದದ್ದು ಬಹಳವಿಲ್ಲ. ಮಗುವಿನ ಆಧಾರ್‌ಗೆ ಮಗುವಿನದೇ ನಂಬರ್, ಅವನ ಹೆಸರಿನಲ್ಲೇ ಆಧಾರ್ ಜೋಡಿಸಿದ ಖಾತೆ, ಪಾಸ್‌ವರ್ಡ್ ಅವನಿಗೆ ಗೊತ್ತಿರುವ ಇಮೇಲ್. ಇವು ಜೂನ್‌ನಲ್ಲೇ ಆಗಲಿ. ತಹಶೀಲ್ದಾರರ ಕಚೇರಿಗೆ ಅವನನ್ನೇ ಕಳಿಸಿ, ನೀವು ಹೊರಗೆ ಚಹಾ ಕುಡಿಯುತ್ತಿರಿ. ಮನೆಯಲ್ಲಿ ಎಷ್ಟು ದುಡ್ಡಿದೆ, ತಿಂಗಳಿಗೆ ಎಷ್ಟು ಕಳಿಸಬಹುದು ಎಂದು ಬಾಯಿ ಬಿಟ್ಟು ಹೇಳಿ. ಮಕ್ಕಳಿಗೆ ಅರ್ಧಂಬರ್ಧ ಗೊತ್ತಿದ್ದೇ ಇರುತ್ತದೆ, ಉಳಿದರ್ಧವನ್ನು ಅವರು ಭಯದಿಂದ ಊಹಿಸಿಕೊಳ್ಳುತ್ತಾರೆ. ಕಾಲೇಜಿನ ಕ್ಯಾಲೆಂಡರ್ ತರಿಸಿಕೊಂಡು ಪಂಚಮಿ, ವರಮಹಾಲಕ್ಷ್ಮಿ, ಚೌತಿ, ಮನೆಯ ಮದುವೆಗಳನ್ನು ಅದರ ಪಕ್ಕ ಇಟ್ಟು ನೋಡಿ. ಹಬ್ಬ ಬಿಡಿ ಎನ್ನುತ್ತಿಲ್ಲ. ಮೊದಲ ಮೂರು ವಾರ ಮಾತ್ರ ಕರೆಯಬೇಡಿ.

ನಮ್ಮ ಭಾನುವಾರದ ಕೂಟದಲ್ಲಿ ಒಂದು ಕೊರತೆ ಉಳಿದಿದೆ. ಕ್ಯಾಪ್‌ನ ಕೊನೆಯ ಸುತ್ತಿನಲ್ಲಿ ಸೀಟು ಸಿಗುವ ಮಕ್ಕಳು ಸೇರುವ ಹೊತ್ತಿಗೆ ಕಾಲೇಜಿನ ಇಂಡಕ್ಷನ್ನೇ ಮುಗಿದಿರುತ್ತದೆ. ಅವರಿಗಾಗಿ ಇನ್ನೊಂದು ಭಾನುವಾರ ಗೊತ್ತುಮಾಡಿದ್ದೇವೆ. ನರ್ಸಿಂಗ್ ಮತ್ತು ಕಾಮರ್ಸ್ ಮಕ್ಕಳ ಪೋಷಕರೂ ಬರುತ್ತೇವೆ ಎಂದಿದ್ದಾರೆ. ಆ ಎರಡರ ಬಗ್ಗೆ ಕೂತು ಮಾತಾಡಲು ಈ ಕಡೆಯ ನರ್ಸ್ ಒಬ್ಬರು, ಸಿಎ ಒಬ್ಬರು ಬೇಕಾಗಿದ್ದಾರೆ. ಇಡ್ಲಿ ಶೆಟ್ರದು. ಹೋದ ವರ್ಷ ಗಲ್ಲಾದಲ್ಲಿ ಕೂತಿದ್ದ ಅವರ ಮಗ ಪುಣೆಯಿಂದ ಬಂದು ಓಟಿಪಿಯ ಮೇಜು ನೋಡಿಕೊಳ್ಳುತ್ತಾನೆ.